ಬಸ್ಸಿನಲ್ಲಿ ತಲೆ ಎಣಿಸಿದರೆ ಸಾಕೆ?

ಬಸ್ಸಿನೊಳಗೆ ಎಷ್ಟು ಜನ ಕೂರಬಹುದು, ಎಷ್ಟು ಜನ ನಿಲ್ಲಬಹುದು ಎಂಬ ಬರಹವನ್ನು ನೀವು ಗಮನಿಸಿರಬಹುದು. ಲಾರಿಯ ಬದಿಯಲ್ಲಾದರೆ ಖಾಲಿ ತೂಕ, ಒಟ್ಟು ತೂಕ ಬರೆದಿರುತ್ತದೆ. ಎರಡೂ ಓಡುವುದು ಒಂದೇ ರಸ್ತೆಯಲ್ಲಿ. ಆದರೆ ಒಂದಕ್ಕೆ ತಲೆ ಲೆಕ್ಕ, ಇನ್ನೊಂದಕ್ಕೆ ತೂಕದ ಲೆಕ್ಕ. ಇದು ಸರಿಯೆ?

ಕಾಯಿದೆಯನ್ನೇ ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 113ನೇ ಸೆಕ್ಷನ್ ಎಲ್ಲ ಸಾರಿಗೆ ವಾಹನಗಳಿಗೂ ತೂಕದ ಮಿತಿ ಹೇಳುತ್ತದೆ. ಮುಂದಿನ 114ನೇ ಸೆಕ್ಷನ್ ವಾಹನವನ್ನು ತೂಗಿಸುವ ಅಧಿಕಾರ ಕೊಡುತ್ತದೆ. ಆದರೆ ಅಲ್ಲಿ ಹೆಸರಿಸಿರುವುದು ಸರಕು ವಾಹನ ಮತ್ತು ಟ್ರೈಲರ್ ಮಾತ್ರ. ಬಸ್ಸಿಗೆ ಮಿತಿ ಇದೆ, ತಕ್ಕಡಿ ಇಲ್ಲ!

ದಂಡದಲ್ಲೂ ಇದೇ ಅಂತರ. 2019ರ ತಿದ್ದುಪಡಿಯ ಪ್ರಕಾರ ತೂಕದ ಮಿತಿ ಮೀರಿದರೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಹೆಚ್ಚು ಪ್ರಯಾಣಿಕರನ್ನು ಹತ್ತಿಸಿದರೆ ತಲೆಗೆ 200 ರೂಪಾಯಿ. ಒಬ್ಬರ ತೂಕ 65 ಕಿಲೋಗ್ರಾಂ ಎಂದಿಟ್ಟುಕೊಂಡರೆ 15 ಮಂದಿ ಸುಮಾರು ಒಂದು ಟನ್. ಅವರಿಗೆ ದಂಡ 3,000 ರೂಪಾಯಿ. ಮಿತಿ ಮೀರಿದ ಒಂದು ಟನ್ ಸರಕಿಗೆ 22,000 ರೂಪಾಯಿ. ರಸ್ತೆಗೂ ಬ್ರೇಕಿಗೂ ಈ ಭೇದ ತಿಳಿಯದು.

'ಬಸ್ಸು ತುಂಬಿದರೂ ಒಟ್ಟು ತೂಕ ಮಿತಿಯೊಳಗೇ ಇರುತ್ತದೆ' ಎಂಬ ವಾದವಿದೆ. ಹತ್ತು ಟನ್ನಿನ ಖಾಲಿ ಬಸ್ಸಿಗೆ 80 ಜನ ಹತ್ತಿದರೆ 15.2 ಟನ್. ಎರಡು ಆಕ್ಸಲಿನ ವಾಹನಕ್ಕೆ 2018ರವರೆಗೆ ಇದ್ದ ಮಿತಿ 16.2 ಟನ್. ಲೆಕ್ಕವೇನೋ ಸರಿ. ಆದರೆ ಇದರಲ್ಲಿ ಗಂಟುಮೂಟೆಯ ತೂಕ ಸೇರಿಲ್ಲ. ಭಾರ ಎಲ್ಲಿ ಕುಳಿತಿದೆ ಎಂಬುದೂ ಸೇರಿಲ್ಲ.

ಶಾಲೆಯಲ್ಲಿ ಕಲಿತ ಸನ್ನೆಯ ತತ್ತ್ವವನ್ನು ಇಲ್ಲಿ ಬಳಸಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 6 ಮೀಟರ್ ಇದೆ ಎನ್ನಿ. ಹಿಂದಿನ ಆಕ್ಸಲಿನಿಂದ 1.5 ಮೀಟರ್ ಆಚೆ, ಬಸ್ಸಿನ ಬಾಲದ ಕಡೆ, ಒಂದು ಟನ್ ಮೂಟೆಗಳನ್ನು ಇಟ್ಟರೆ ಹಿಂದಿನ ಆಕ್ಸಲಿಗೆ ಬೀಳುವ ಹೆಚ್ಚುವರಿ ಭಾರ 7.5 ÷ 6 = 1.25 ಟನ್. ಮುಂದಿನ ಆಕ್ಸಲ್ 0.25 ಟನ್ ಹಗುರವಾಗುತ್ತದೆ. ಬಸ್ಸನ್ನು ತಿರುಗಿಸುವ ಗಾಲಿಗಳು ಅವೇ. ಅವುಗಳ ನೆಲದ ಹಿಡಿತ ತಗ್ಗುತ್ತದೆ. ಹಿಂಬದಿಯ ಚಾಚು ಎರಡು ಆಕ್ಸಲ್‌ಗಳ ನಡುವಿನ ಅಂತರದ ಶೇಕಡಾ 60ನ್ನು ಮೀರಬಾರದೆಂಬ ನಿಯಮದ ಮಹತ್ವ ಈಗ ಹೊಳೆಯುತ್ತದಲ್ಲವೆ? ಗಾತ್ರದ ಮಿತಿ ಮತ್ತು ತೂಕದ ಮಿತಿ ಬೇರೆ ಬೇರೆ ವಿಷಯಗಳಲ್ಲ.

ಇನ್ನು ರಸ್ತೆಯ ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ಪ್ರಯೋಗದಿಂದ ತಿಳಿದದ್ದು: ರಸ್ತೆಗೆ ಆಗುವ ಹಾನಿ ಸ್ಥೂಲವಾಗಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರದ ಏರಿಕೆ ಸುಮಾರು ಶೇಕಡಾ 13. ನಾಲ್ಕನೇ ಘಾತ ತೆಗೆದರೆ ಹಾನಿಯ ಏರಿಕೆ ಸುಮಾರು ಶೇಕಡಾ 60! ಹಿರಿಯೂರು, ಚಿತ್ರದುರ್ಗಗಳನ್ನು ಹಾಯುವ ಹೆದ್ದಾರಿ ಇದನ್ನು ತಾಳಬಹುದು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಂಥ ಊರುಗಳ ತೆಳುವಾದ ಡಾಂಬರು ರಸ್ತೆ ತಾಳೀತೆ?

ತಪ್ಪನ್ನು ಚಾಲಕನ ತಲೆಗೆ ಕಟ್ಟುವುದು ಸುಲಭ. ಆದರೆ ಜಾತ್ರೆಯ ದಿನ, ಕೊನೆಯ ಬಸ್ಸಿನಲ್ಲಿ, ಯಾರನ್ನು ಬಿಟ್ಟು ಹೋಗಬೇಕು? ಹಿಂದಿನ ಆಕ್ಸಲಿನ ಮೇಲೆ ಎಷ್ಟು ಭಾರವಿದೆ ಎಂದು ತಿಳಿಯಲು ಸಾಮಾನ್ಯ ಬಸ್ಸಿನ ಚಾಲಕನ ಮುಂದೆ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಅಳೆಯಲು ಬಾರದ ಮಿತಿಯನ್ನು ಪಾಲಿಸು ಎನ್ನುವುದು ವಿಜ್ಞಾನಕ್ಕೂ ಒಪ್ಪದು, ನ್ಯಾಯಕ್ಕೂ ಒಪ್ಪದು.

ಪರಿಹಾರ ಕಷ್ಟದ್ದಲ್ಲ. 114ನೇ ಸೆಕ್ಷನ್ನಿಗೆ ಬಸ್ಸನ್ನೂ ಸೇರಿಸಬೇಕು. ಪ್ರತಿ ಆಕ್ಸಲಿನ ಮಿತಿಯನ್ನು ಚಾಲಕನ ಎದುರು ಬರೆದಿರಬೇಕು. ಜನಸಂದಣಿಯ ದಿನಗಳಲ್ಲಿ ತುಂಬಿದ ಬಸ್ಸನ್ನು ವೇ ಬ್ರಿಡ್ಜಿನ ಮೇಲೆ ಹತ್ತಿಸಿ, ಮುಂದಿನ ಗಾಲಿ, ಹಿಂದಿನ ಗಾಲಿಗಳ ಭಾರವನ್ನು ಬೇರೆ ಬೇರೆಯಾಗಿ ನೋಡಬೇಕು. ಜನ ಹೆಚ್ಚಾದ ಕಡೆ ಇನ್ನೊಂದು ಬಸ್ಸು ಬಿಡಬೇಕು.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಅಡುಗೆಮನೆ ತಕ್ಕಡಿಗಳ ಮೇಲೆ ಒಂದು ಭಾರವಾದ ಹಲಗೆ ಇಡಿ. ಅದರ ಒಂದು ತುದಿ ತಕ್ಕಡಿಯಿಂದ ಹೊರಗೆ ಚಾಚಿರಲಿ. ಆ ತುದಿಯ ಮೇಲೆ ಒಂದು ಸಣ್ಣ ತೂಕದ ಬಟ್ಟು ಇಡಿ. ಎರಡು ತಕ್ಕಡಿಗಳ ಅಂಕಿಗಳನ್ನೂ ವಿದ್ಯಾರ್ಥಿಗಳೇ ಓದಲಿ.