‘ನಿಸ್ತಂತು’ ಎಂಬ ಪದ: ಒಂದು ವಿಮರ್ಶೆ

ದೇಹದೊಳಗೆ ಕೂಡಿಸಿದ ವೈದ್ಯಕೀಯ ಉಪಕರಣಗಳಿಗೆ ಹೊರಗಿನಿಂದ ವಿದ್ಯುಚ್ಛಕ್ತಿಯನ್ನು ಒದಗಿಸುವ ಕ್ರಮವನ್ನು ಕನ್ನಡದಲ್ಲಿ ‘ನಿಸ್ತಂತು ವಿದ್ಯುತ್ ವರ್ಗಾವಣೆ’ ಎನ್ನುವುದುಂಟು. ಈ ಪದವು ವ್ಯಾಕರಣಶುದ್ಧವಾದುದೇ. ಅರ್ಥದ ದೃಷ್ಟಿಯಿಂದ ಎಷ್ಟು ಸಮರ್ಪಕ ಎಂಬುದು ಇಲ್ಲಿ ನಮ್ಮ ವಿಚಾರ.

‘ತಂತು’ ಎಂದರೆ ಎಳೆ, ನೂಲು. ಬೆಟಗೇರಿಯ ನೇಕಾರನಿಗೆ ನೂಲಿಲ್ಲವೆಂದಷ್ಟೇ ಹೇಳಿದರೆ ಮಗ್ಗದ ಮೇಲೆ ಏನಿದೆಯೆಂದು ತಿಳಿಯದು. ಈ ಪದದ ಕೊರತೆಯೂ ಅದೇ: ಇಲ್ಲದುದನ್ನು ಹೇಳುತ್ತದೆ, ಇರುವುದನ್ನು ಹೇಳದು. ಬಾನುಲಿಯ ಮಟ್ಟಿಗೆ ಇದರಿಂದ ಬಾಧಕವಿಲ್ಲ. ಧಾರವಾಡದ ಆಕಾಶವಾಣಿ ಗದಗಿನಲ್ಲಿ ಕೇಳಿಸುವುದು ದೂರಕ್ಕೆ ಹರಡುವ ಅಲೆಗಳಿಂದ. ದೇಹದೊಳಗಿನ ಉಪಕರಣಗಳಲ್ಲಿ ಸಾಮಾನ್ಯವಾಗಿ ನಡೆಯುವುದಾದರೋ 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆ. ಒಂದು ಸುರುಳಿಯಲ್ಲಿ ಪರ್ಯಾಯ ಪ್ರವಾಹ ಹರಿದಾಗ ಅದರ ಕಾಂತಕ್ಷೇತ್ರದ ಏರಿಳಿತದಿಂದ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸಾಮೀಪ್ಯವೇ ಇದರ ಜೀವಾಳ. ಸುರುಳಿಗಳು ದೂರ ಸರಿದರೆ ಶಕ್ತಿ ಬೇಗನೆ ಕುಗ್ಗುತ್ತದೆ.

1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಕೂಡಿಸಿದ ಪೇಸ್‌ಮೇಕರಿನ ಬ್ಯಾಟರಿಯನ್ನು ಹೀಗೆಯೇ ಹೊರಗಿನಿಂದ ತುಂಬಲಾಗುತ್ತಿತ್ತು. ಮುಂದೆ ದೀರ್ಘಕಾಲ ಬಾಳುವ ಲಿಥಿಯಂ ಬ್ಯಾಟರಿಗಳು ಬಂದುದರಿಂದ ಪೇಸ್‌ಮೇಕರುಗಳಲ್ಲಿ ಈ ಕ್ರಮ ಹಿಂದೆ ಬಿದ್ದಿತು. ಆದರೆ ಕಾಕ್ಲಿಯರ್ ಇಂಪ್ಲಾಂಟಿನಲ್ಲಿ ಅದು ಇಂದಿಗೂ ಅನಿವಾರ್ಯವಾಗಿದೆ. ಬಳಕೆಯಲ್ಲಿರುವ ಸಾಮಾನ್ಯ ಮಾದರಿಗಳಲ್ಲಿ ಒಳಭಾಗಕ್ಕೆ ಸ್ವಂತ ಬ್ಯಾಟರಿಯಿಲ್ಲ. ಕಿವಿಯ ಹಿಂದೆ ಅಯಸ್ಕಾಂತದಿಂದ ನಿಲ್ಲುವ ಸುರುಳಿಯೇ ಚರ್ಮದಾಚೆಗೆ ಶಕ್ತಿಯನ್ನೂ ಸಂಕೇತವನ್ನೂ ಕಳುಹಿಸುತ್ತದೆ. ಸುರುಳಿ ಜಾರಿದರೆ ಅದರ ಮೂಲಕ ಬರುವ ಧ್ವನಿ ಆ ಕ್ಷಣವೇ ನಿಲ್ಲುತ್ತದೆ.

ಪದದ ದೋಷವು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಶಿರಹಟ್ಟಿಯ ಅಥವಾ ಮುಂಡರಗಿಯ ಹಳ್ಳಿಯೊಂದರ ತಾಯಿಯು ‘ನಿಸ್ತಂತು’ ಎಂಬುದನ್ನು ಕೇಳಿ, ಹೊರಗಿನ ಭಾಗವಿಲ್ಲದೆಯೂ ಮಗುವಿಗೆ ಕೇಳಿಸುವುದೆಂದು ನಂಬಿದರೆ ತಪ್ಪು ಅವಳದಲ್ಲ, ಪದ ಕೊಟ್ಟವರದು. ಮಗು ಮಾತು ಕಲಿಯುವ ವಯಸ್ಸಿನಲ್ಲಿ ಕಳೆದುಹೋದ ದಿನಗಳನ್ನು ಯಾವ ಪಾರಿಭಾಷಿಕ ಕೋಶವೂ ತಿರುಗಿ ಕೊಡಲಾರದು.

ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳಿರುವುದೆಂದು ಹೆಸರಿಸಿದ ಸ್ಥಳಗಳಲ್ಲಿ ಅದೂ ಒಂದು. ಅಂಥ ನೆಲದ ನುಡಿಗೆ ಈ ಅರ್ಥವನ್ನು ಹೊರುವ ಶಕ್ತಿಯಿಲ್ಲವೆನ್ನಲಾಗದು. ‘ನಿಸ್ತಂತು’ ಎಂಬುದನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಅದು ಜಾತಿವಾಚಕವಾಗಿ ನಿಲ್ಲಲಿ. ರೋಗಿಗೆ ಹೇಳುವಾಗಲೂ ವಿದ್ಯಾರ್ಥಿಗೆ ಕಲಿಸುವಾಗಲೂ ‘ಜೋಡಿಸುರುಳಿಯ ಊಡಿಕೆ’ ಎಂದರೆ ಎರಡು ಸುರುಳಿಗಳಿವೆ, ಒಂದು ಇನ್ನೊಂದಕ್ಕೆ ಉಣಿಸುತ್ತದೆ, ಅಗಲಿದರೆ ಉಣಿಸು ನಿಲ್ಲುತ್ತದೆ ಎಂಬುದೆಲ್ಲ ಹೆಸರಿನಲ್ಲಿಯೇ ತಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಪದ ದೊರೆತರೆ ನಮಗೆ ಸಂತೋಷವೇ. ವಸ್ತುವಿನ ನಡೆಯನ್ನು ತೋರಿಸುವುದೇ ಒಳ್ಳೆಯ ಪಾರಿಭಾಷಿಕ ಪದದ ಮೊದಲ ಲಕ್ಷಣವೆಂಬುದು ನಮ್ಮ ಅಭಿಪ್ರಾಯ.