ನೂರಿಪ್ಪತ್ತು ಎಳೆಗಳ ನೂಲು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಸ್ನೇಹಿತರೊಬ್ಬರಿದ್ದಾರೆ. ಅವರ ಬೇಸಿನ್ ಮುಂದೆ ಕೂತರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಬಿಸಿನೀರಿನಲ್ಲಿ ಗೂಡುಗಳು ಗಿರಗಿರನೆ ತಿರುಗುತ್ತಿರುತ್ತವೆ. ಒಂದೊಂದರಿಂದ ಒಂದೊಂದು ಎಳೆ ಮೇಲೇಳುತ್ತದೆ. ಎಂಟೋ ಹತ್ತೋ ಎಳೆಗಳು ಸೇರಿ ಬಟನ್ನಿನ ಸಣ್ಣ ತೂತಿನೊಳಗೆ ತೂರಿ ಒಂದೇ ನೂಲಾಗಿ ಸುತ್ತಿಕೊಳ್ಳುತ್ತವೆ. ಒಂದು ಗೂಡು ಮುಗಿದು ಎಳೆ ಕಡಿಯುವುದೇ ತಡ, ಅವರ ಬೆರಳು ಇನ್ನೊಂದು ಗೂಡಿನ ತುದಿ ಹಿಡಿದು ಅಲ್ಲಿಗೆ ಎಸೆದಿರುತ್ತದೆ. ಕೈ ಯಾವಾಗ ಹೋಯಿತು, ಯಾವಾಗ ಬಂತು ಎಂದು ನಾನು ಇವತ್ತಿಗೂ ಸರಿಯಾಗಿ ನೋಡಿಲ್ಲ.

‘ಎಳೆ ಲೆಕ್ಕ ತಪ್ಪಿದ್ರೆ ನೂಲು ಒಂದ್ ಕಡೆ ದಪ್ಪ, ಒಂದ್ ಕಡೆ ಸಣ್ಣ ಆಗ್ತದಣ್ಣ. ಕೊಳ್ಳೋರು ಬೆರಳಾಗೆ ಸವರಿದ್ರೆ ಸಾಕು, ಗೊತ್ತಾಗೋಗ್ತದೆ’ ಅಂದರು ಹೋದ ಭಾನುವಾರ.

ಆ ಮಾತು ತಲೆಯಲ್ಲಿಟ್ಟುಕೊಂಡೇ ಸಂಜೆ ಮಂಚೇನಹಳ್ಳಿಗೆ ಬಂದೆ. ಊಟ ಮುಗಿಸಿ, ಬೀದಿಯ ಸದ್ದು ಅಡಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ‘ವಿಂಡ್ಸ್ ಆಫ್ ಸಂಸಾರ’ ಆಲ್ಬಮ್ಮನ್ನು ಮತ್ತೆ ಮೊದಲಿನಿಂದ ಕೇಳಿದೆ. ಎರಡು ವರ್ಷ ಕೂತು, ಬೇರೆ ಬೇರೆ ಖಂಡಗಳ ಸುಮಾರು 120 ಕಲಾವಿದರ ನುಡಿಸಾಣಿಕೆ, ಹಾಡಿಕೆಗಳನ್ನು ಸೇರಿಸಿ ಕಟ್ಟಿದ ಆಲ್ಬಮ್ ಅದು. ಕಟ್ಟಿದವರು ಇಬ್ಬರು: ಬೆಂಗಳೂರಿನ ರಿಕ್ಕಿ ಕೇಜ್ ಮತ್ತು ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್. 2014ರ ಜುಲೈನಲ್ಲಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನ್ಯೂ ಏಜ್ ಆಲ್ಬಮ್‌ಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ರೇಡಿಯೊ ಪ್ರಸಾರವನ್ನು ಎಣಿಸುವ ಝೋನ್ ಮ್ಯೂಸಿಕ್ ರಿಪೋರ್ಟರ್ ಪಟ್ಟಿಯಲ್ಲೂ ಮೇಲೆ ನಿಂತಿತು. 2015ರ ಫೆಬ್ರುವರಿ 8ರಂದು ಲಾಸ್ ಏಂಜಲೀಸ್‌ನಲ್ಲಿ ಅದಕ್ಕೆ ಗ್ರಾಮಿ ಬಂತು.

ಗ್ರಾಮಿ ಬಂದದ್ದನ್ನು ನಮ್ಮ ಪತ್ರಿಕೆಗಳು ಚೆನ್ನಾಗಿಯೇ ಬರೆದವು. ಆಲ್ಬಮ್ಮಿನೊಳಗೆ ಏನಿದೆ ಎಂದು ಬರೆದವರು ಕಡಿಮೆ. ಹತ್ತು ವರ್ಷ ಕಳೆದ ಮೇಲಾದರೂ ಬರೆಯಬೇಕು ಅನ್ನಿಸಿದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಕೇಜ್ 1981ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ಬೆಂಗಳೂರಿಗೆ ಬಂದವರು. ಓದಿದ್ದು ದಂತವೈದ್ಯ, ಹಿಡಿದದ್ದು ಕೀಬೋರ್ಡು. ರಾಕ್ ಬ್ಯಾಂಡಿನಲ್ಲಿ ನುಡಿಸಿ, 2003ರಲ್ಲಿ ಸ್ವಂತ ಸ್ಟುಡಿಯೊ ಮಾಡಿ, ಸಾವಿರಾರು ಜಾಹೀರಾತುಗಳಿಗೆ ಜಿಂಗಲ್ ಮಾಡಿದರು. ಕನ್ನಡದ ಕಿವಿಗೆ ಅವರು ಮೊದಲು ಬಿದ್ದದ್ದು 2008ರಲ್ಲಿ, ರಮೇಶ್ ಅರವಿಂದ್ ನಿರ್ದೇಶಿಸಿದ ‘ಆಕ್ಸಿಡೆಂಟ್’ ಚಿತ್ರದಿಂದ. ಅದರ ‘ಬಾ ಮಳೆಯೇ’ ಹಾಡನ್ನು ಸೋನು ನಿಗಮ್ ಹಾಡಿದ್ದಾರೆ. ಬರೆದವರು ನಮ್ಮ ಚಿಂತಾಮಣಿಯ ಬಿ.ಆರ್. ಲಕ್ಷ್ಮಣರಾವ್. ಭಾವಗೀತೆಯಾಗಿ ನಮಗೆಲ್ಲ ಮೊದಲೇ ಗೊತ್ತಿದ್ದ ಕವಿತೆ ಅದು. ಹಾರ್ಮೋನಿಯಂ ತಬಲದ ಜೊತೆ ಕೇಳಿದ್ದ ಪದಗಳನ್ನು ಕಂಪ್ಯೂಟರಿನಲ್ಲಿ ಹರಡಿದ ಮೆತ್ತನೆಯ ಸ್ವರಗಳ ಮೇಲೆ ಕೇಳಿದಾಗ ನನಗೆ ಮೊದಲು ಸಿಟ್ಟು ಬಂದಿತ್ತು. ನಾಲ್ಕೈದು ಸಲ ಕೇಳಿದ ಮೇಲೆ ಸಿಟ್ಟು ಇಳಿಯಿತು. ಪದಗಳಿಗೆ ಅಡ್ಡ ಬಾರದ ಹಾಗೆ ವಾದ್ಯಗಳನ್ನು ದೂರ ದೂರ ಕೂರಿಸಿದ್ದಾರಲ್ಲ, ಅದು ತಿಳಿವಳಿಕೆಯ ಕೆಲಸ ಅನ್ನಿಸಿತು. ಚಿಂತಾಮಣಿಯ ಕವಿಯ ಮಾತಿಗೆ ಸ್ವರ ಹೊಂದಿಸಿದ ಅದೇ ಕೈ ಆರು ವರ್ಷದ ಮೇಲೆ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿತು ಎನ್ನುವುದು ನಮ್ಮ ಜಿಲ್ಲೆಯವರು ಹೇಳಿಕೊಳ್ಳಬಹುದಾದ ಸಂತೋಷ.

ಈಗ ಆ ಪಟ್ಟಿಯ ವಿಚಾರ. ಒಂದನೇ ಸ್ಥಾನ ಎಂದ ಕೂಡಲೇ ಅಮೆರಿಕದಲ್ಲೆಲ್ಲ ಅದೇ ಹಾಡು ಮೊಳಗಿತು ಎಂದುಕೊಳ್ಳುವವರಿದ್ದಾರೆ. ಬಿಲ್‌ಬೋರ್ಡ್ ವಾರವಾರ ಪ್ರಕಟಿಸುವುದು ಒಂದು ಪಟ್ಟಿಯನ್ನಲ್ಲ, ಹತ್ತಾರು ಪಟ್ಟಿಗಳನ್ನು. ಎಲ್ಲ ಬಗೆಯ ಆಲ್ಬಮ್‌ಗಳೂ ಸ್ಪರ್ಧಿಸುವುದು ಬಿಲ್‌ಬೋರ್ಡ್ 200ರಲ್ಲಿ, ಬಿಡಿ ಹಾಡುಗಳು ಸ್ಪರ್ಧಿಸುವುದು ಹಾಟ್ 100ರಲ್ಲಿ. ನ್ಯೂ ಏಜ್ ಪಟ್ಟಿ 1988ರಲ್ಲಿ ಶುರುವಾದದ್ದು. ಧ್ಯಾನಕ್ಕೆ, ವಿಶ್ರಾಂತಿಗೆ, ಸುಮ್ಮನೆ ಕಣ್ಣುಮುಚ್ಚಿ ಕೂರುವುದಕ್ಕೆ ಒಗ್ಗುವ ವಾದ್ಯಸಂಗೀತದ ಸಣ್ಣ ಹೊಲ ಅದು. ಆ ಹೊಲದ ಮೊದಲ ಸ್ಥಾನಕ್ಕೆ ಬೇಕಾಗುವ ಪ್ರತಿಗಳು ದೊಡ್ಡ ಪಟ್ಟಿಯ ಮೊದಲ ಸ್ಥಾನಕ್ಕೆ ಬೇಕಾಗುವುದಕ್ಕಿಂತ ಬಹಳ ಕಡಿಮೆ.

ಎಣಿಸುವ ಬಗೆಯೂ ಗೊತ್ತಿರಬೇಕು. 1991ಕ್ಕೆ ಮುಂಚೆ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಚೆನ್ನಾಗಿ ಹೋಯಿತು ಎಂದು ಕೇಳಿ ಪಟ್ಟಿ ಮಾಡುತ್ತಿದ್ದರು. ಅಂಗಡಿಯವನ ಒಲವು, ಅವನ ಗೋದಾಮಿನಲ್ಲಿ ಉಳಿದ ಮಾಲು, ಎರಡೂ ಆ ಉತ್ತರದಲ್ಲಿ ಬೆರೆಯುತ್ತಿದ್ದವು. ಆ ವರ್ಷದ ಮೇ ತಿಂಗಳಿಂದ ಆಲ್ಬಮ್‌ಗಳಿಗೆ ಸೌಂಡ್‌ಸ್ಕ್ಯಾನ್ ಬಂತು. ಬಿಲ್ಲು ಹಾಕುವಾಗ ಬಾರ್‌ಕೋಡ್ ಓದಿದ ಯಂತ್ರವೇ ಲೆಕ್ಕ ಕೊಡತೊಡಗಿತು. 2014ರ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್ 200ಕ್ಕೆ ಇನ್ನೊಂದು ಬದಲಾವಣೆ: ಆಲ್ಬಮ್ಮಿನ ಹಾಡುಗಳನ್ನು ಆನ್‌ಲೈನಿನಲ್ಲಿ 1,500 ಸಲ ಕೇಳಿದರೆ ಒಂದು ಪ್ರತಿ ಮಾರಿದ ಲೆಕ್ಕ. ‘ವಿಂಡ್ಸ್ ಆಫ್ ಸಂಸಾರ’ ಅದಕ್ಕೆ ಐದು ತಿಂಗಳು ಮುಂಚೆ ಬಂದದ್ದು. ದೊಡ್ಡ ಪಟ್ಟಿಯೂ ದುಡ್ಡು ಕೊಟ್ಟು ಕೊಂಡವರನ್ನು ಮಾತ್ರ ಎಣಿಸುತ್ತಿದ್ದ ಕಾಲದ ಕೊನೆಯ ದಿನಗಳವು. ಇಷ್ಟು ಜನ ಕೈಯಿಂದ ದುಡ್ಡು ಬಿಚ್ಚಿ, ಹೆಸರೇ ಕೇಳಿರದ ಇಬ್ಬರ ಕೊಳಲು ತಂಬೂರಿಯ ಸಂಗೀತ ಕೊಂಡರಲ್ಲ ಎಂಬುದು ನನಗೆ ಗ್ರಾಮಿಗಿಂತ ಹೆಚ್ಚು ಹಿಡಿಸುತ್ತದೆ.

ಪಟ್ಟಿಯ ಗಾತ್ರದ ಅಂದಾಜಿಗೆ ಇನ್ನೊಂದು ಉದಾಹರಣೆ. ಬೆಂಗಳೂರಿನಲ್ಲಿ ಬೆಳಕಿಗೆ ಬಂದ ರ‍್ಯಾಪರ್ ಹನುಮಾನ್‌ಕೈಂಡ್ ಮತ್ತು ಬೀಟ್ ಕಟ್ಟಿದ ಕಲ್ಮಿ ಸೇರಿ 2024ರ ಜುಲೈನಲ್ಲಿ ‘ಬಿಗ್ ಡಾಗ್ಸ್’ ಬಿಟ್ಟರು. ಹಾಟ್ 100ರಲ್ಲಿ ಅದು 23ನೇ ಸ್ಥಾನದವರೆಗೆ ಹೋಯಿತು. ಸಂಖ್ಯೆ ನೋಡಿದರೆ 23ಕ್ಕಿಂತ 1 ದೊಡ್ಡದು. ಕೇಳಿದ ಕಿವಿಗಳನ್ನು ಎಣಿಸಿದರೆ ಆ 23 ಬಹಳ ದೊಡ್ಡದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಇನ್ನು ಆಲ್ಬಮ್ಮಿಗೆ ಬರೋಣ. ಗಾಂಧಿ ಮತ್ತು ಮಂಡೇಲಾ ಇಬ್ಬರ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಇದು. ‘ಮಹಾತ್ಮ’, ‘ಮಡಿಬ’ ಎಂಬ ಹೆಸರಿನ ರಚನೆಗಳೇ ಇವೆ. ಕೇಳುವಾಗ ನೀವು ಕೊಳಲುಗಳನ್ನು ಗಮನಿಸಿ. ಕೆಲ್ಲರ್‌ಮನ್ ನುಡಿಸುವುದು ಲೋಹದ ಕೊಳಲು, ಅದರ ತೂತುಗಳನ್ನು ಮುಚ್ಚುವುದು ಕೀಲಿಗಳು. ನಮ್ಮ ಬಿದಿರಿನ ಕೊಳಲಲ್ಲಿ ಬೆರಳು ತೂತಿನ ಮೇಲಿಂದ ನಿಧಾನಕ್ಕೆ ಜಾರಿ ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕೀಲಿಯ ಕೊಳಲಲ್ಲಿ ಆ ಜಾರುವಿಕೆ ಅಷ್ಟು ಸಲೀಸಲ್ಲ, ಸ್ವರಗಳು ಮೆಟ್ಟಿಲಿನ ಹಾಗೆ ಬಿಡಿಬಿಡಿ. ಕೆಲ್ಲರ್‌ಮನ್ ಆ ಕೊರತೆಯನ್ನು ಉಸಿರಿನಿಂದ ತುಂಬುತ್ತಾರೆ. ತುಟಿಯನ್ನು ಸ್ವಲ್ಪ ಹೊರಳಿಸಿ, ಗಾಳಿಯ ಸದ್ದು ಸ್ವರಕ್ಕಿಂತ ಮುಂಚೆ ಕೇಳಿಸುವ ಹಾಗೆ ಊದುತ್ತಾರೆ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಉಸಿರು ಕಿವಿಯ ಪಕ್ಕದಲ್ಲೇ ಸುಳಿದ ಹಾಗಾಗುತ್ತದೆ.

ಕೇಜ್ ಕೆಲಸ ಅದರ ಕೆಳಗಿದೆ. ಕೊಳಲು ತೆಗೆದುಕೊಂಡ ಉಸಿರಿನ ಬಿಡುವಿನಲ್ಲಿ ಏನೂ ಖಾಲಿ ಬೀಳದ ಹಾಗೆ ಕೀಬೋರ್ಡಿನ ಉದ್ದುದ್ದ ಸ್ವರಗಳನ್ನು ಹಾಸಿರುತ್ತಾರೆ. ನಮ್ಮ ಶ್ರುತಿಯ ಹಾಗೆ ಅದು ನಿಂತಲ್ಲೇ ನಿಂತಿರುತ್ತದೆ, ಆದರೆ ಒಳಗೊಳಗೇ ಬಣ್ಣ ಬದಲಾಯಿಸುತ್ತಿರುತ್ತದೆ. ಅದರ ಮೇಲೆ ತಂತಿವಾದ್ಯದ ಗುಂಪು, ಕೋರಸ್, ತಾಳವಾದ್ಯ ಒಂದೊಂದಾಗಿ ಬಂದು ಸೇರುತ್ತವೆ. ನುಡಿಸಿದವರೆಲ್ಲ ಒಂದೇ ಕೋಣೆಯಲ್ಲಿ ಕೂತವರಲ್ಲ. ಹೆಜ್ಜೆಯ ಲೆಕ್ಕ ಒಂದು ಕೂದಲೆಳೆ ತಪ್ಪಿದರೂ ಅಲ್ಲಿ ಗಂಟು ಬೀಳುತ್ತದೆ. ನಾನು ಬೆರಳಿಟ್ಟು ಸವರಿದ ಹಾಗೆ ಕೇಳಿದ್ದೇನೆ, ಗಂಟು ಸಿಗಲಿಲ್ಲ. ಇಂಥ ಆಲ್ಬಮ್ಮಿನಲ್ಲಿ ಪ್ರೊಡ್ಯೂಸರ್ ಎಂದರೆ ನೂಲು ಬಿಚ್ಚುವವನೇ. ಎಳೆ ಅವನದಲ್ಲ, ನೂಲು ಅವನದು.

ನನ್ನದೊಂದು ತಕರಾರೂ ಇದೆ. ಜಿಂಗಲ್ ಎಂದರೆ ಮೂವತ್ತು ಸೆಕೆಂಡು. ಅಷ್ಟರಲ್ಲಿ ಕೇಳುವವನ ಮನಸ್ಸನ್ನು ಹಿಡಿದು ಎತ್ತಬೇಕು. ಆ ಅಭ್ಯಾಸ ಈ ಆಲ್ಬಮ್ಮಿನೊಳಕ್ಕೂ ಬಂದಿದೆ. ಒಂದು ಸ್ವರವನ್ನು ಸುಮ್ಮನೆ ಹಿಡಿದು ಕಾಯುವ ತಾಳ್ಮೆ ಕಡಿಮೆ. ಬೇಗ ಬೇಗ ಎತ್ತರಕ್ಕೆ ಏರಿ ಕೋರಸ್ಸನ್ನು ಕರೆದುಬಿಡುತ್ತದೆ. ವಿಶ್ವಮೋಹನ ಭಟ್ಟರು ರೈ ಕೂಡರ್ ಜೊತೆ 1992ರಲ್ಲಿ ಕ್ಯಾಲಿಫೋರ್ನಿಯಾದ ಚರ್ಚೊಂದರಲ್ಲಿ ಕೂತು ಧ್ವನಿಮುದ್ರಿಸಿದ, 1994ರಲ್ಲಿ ಗ್ರಾಮಿ ಪಡೆದ ‘ಎ ಮೀಟಿಂಗ್ ಬೈ ದ ರಿವರ್’ ಕೇಳಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಅಲ್ಲಿ ಎರಡು ತಂತಿವಾದ್ಯ ಒಂದನ್ನೊಂದು ಕೇಳಿಸಿಕೊಳ್ಳುವುದಕ್ಕೇ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ.

2021ರ ಜುಲೈನಲ್ಲಿ ಬಂದ ‘ಡಿವೈನ್ ಟೈಡ್ಸ್’ನಲ್ಲಿ ಆ ತಾಳ್ಮೆ ಸ್ವಲ್ಪ ಬಂದಿದೆ. ‘ದ ಪೊಲೀಸ್’ ಬ್ಯಾಂಡಿನ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ, ಕೊರೊನಾ ಕಾಲದಲ್ಲಿ ದೂರದಿಂದಲೇ ಕೆಲಸ ಮಾಡಿ ಒಂಬತ್ತು ರಚನೆಗಳನ್ನು ಕಟ್ಟಿದರು. ಕೋಪ್‌ಲ್ಯಾಂಡ್ ಪೆಟ್ಟು ಹಾಕುವ ಜಾಗಕ್ಕಿಂತ ಹಾಕದೆ ಬಿಡುವ ಜಾಗ ಚೆಂದ. 2022ರ ಏಪ್ರಿಲ್‌ನಲ್ಲಿ ಅದಕ್ಕೆ ನ್ಯೂ ಏಜ್ ವಿಭಾಗದ ಗ್ರಾಮಿ ಬಂತು. ಮರುವರ್ಷ ಅದೇ ಆಲ್ಬಮ್ಮಿಗೆ ಇನ್ನೊಂದು ಬಂತು, ಇಮ್ಮರ್ಸಿವ್ ಆಡಿಯೊ ವಿಭಾಗದಲ್ಲಿ. ಇದು ಹೇಗೆ ಎಂದು ಅನೇಕರು ಕೇಳುತ್ತಾರೆ. ಎರಡನೆಯದು ಬೇರೆಯೇ ಮಿಶ್ರಣಕ್ಕೆ ಸಂದದ್ದು: ಎಡ ಬಲ ಎರಡೇ ಸ್ಪೀಕರಿಗೆ ಹಂಚುವ ಬದಲು, ಕೇಳುವವನ ಸುತ್ತಲೂ ತಲೆಯ ಮೇಲೂ ಸದ್ದನ್ನು ಹಂಚಿದ ಮಿಶ್ರಣ. ಇಂಥ ಕೆಲಸ ಮಾಡುವ ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಸುತ್ತ ಏಳು ಸ್ಪೀಕರು, ತಳಸ್ವರಕ್ಕೆ ಒಂದು, ಮೇಲೆ ನಾಲ್ಕು ಇರುತ್ತವೆ. ಆ ಪ್ರಶಸ್ತಿಯಲ್ಲಿ ಮಿಶ್ರಣ ಮಾಡಿದ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಹೆಸರೂ ಇದೆ, ಇರಬೇಕಾದದ್ದೇ.

2025ರಲ್ಲಿ ಕೇಜ್ ಅವರ ‘ಬ್ರೇಕ್ ಆಫ್ ಡಾನ್’ ಮತ್ತೆ ಗ್ರಾಮಿ ಕಣದಲ್ಲಿತ್ತು. ಗೆದ್ದದ್ದು ಚಂದ್ರಿಕಾ ಟಂಡನ್ ಅವರ ‘ತ್ರಿವೇಣಿ’. ಅದರಲ್ಲಿ ಕೊಳಲು ನುಡಿಸಿದವರು ಹಳೆಯ ಜೊತೆಗಾರ ಕೆಲ್ಲರ್‌ಮನ್! ಅದೇ ವರ್ಷ ಕೇಜ್ ಅವರಿಗೆ ಪದ್ಮಶ್ರೀ ಬಂತು.

ಪದ್ಮಶ್ರೀ ಎಂದಾಗ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರನ್ನು ನೆನೆಯದೆ ಇರಲಾರೆ. 2023ರಲ್ಲಿ ತಮಟೆಗೆ ಆ ಗೌರವ ತಂದವರು. ತಮಟೆಯ ಹೆಸರು ಯಾವ ಮಾರಾಟದ ಪಟ್ಟಿಯಲ್ಲೂ ಬಂದದ್ದು ನಾನು ಕಂಡಿಲ್ಲ. ಹಬ್ಬದಲ್ಲಿ, ಮೆರವಣಿಗೆಯಲ್ಲಿ, ಸಾವಿನ ಮನೆಯಲ್ಲಿ ಬಾರಿಸಿದ ಪೆಟ್ಟಿಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಧ್ವನಿಮುದ್ರಣಕ್ಕೂ ತಮಟೆ ಬಹಳ ಕಷ್ಟದ ವಾದ್ಯ. ಕಾದು ಬಿಗಿದ ಚರ್ಮದ ಮೇಲೆ ಬೀಳುವ ಮೊದಲ ಪೆಟ್ಟು ಎಷ್ಟು ಚೂಪೆಂದರೆ, ಮೈಕು ಅದನ್ನು ಹಿಡಿಯಲಾರದೆ ಒಡೆದ ಸದ್ದು ಮಾಡುತ್ತದೆ. ಒಡೆಯದಿರಲಿ ಎಂದು ಮಟ್ಟ ಇಳಿಸಿದರೆ ತೆಳ್ಳನೆಯ ಕಡ್ಡಿ ಪಟಪಟನೆ ಬಿಡಿಸುವ ಸಣ್ಣ ಪೆಟ್ಟುಗಳು ಕೇಳುವುದೇ ಇಲ್ಲ. ಹೀಗಾಗಿ ಎಷ್ಟೋ ಕಡೆ ಒಂದು ಪೆಟ್ಟನ್ನು ಒಮ್ಮೆ ಮುದ್ರಿಸಿ, ಅದನ್ನೇ ಕಂಪ್ಯೂಟರಿನಲ್ಲಿ ನೂರು ಸಲ ಇಟ್ಟು ಮುಗಿಸುತ್ತಾರೆ.

ನೂರಿಪ್ಪತ್ತು ಜನರ ಎಳೆಯನ್ನು ಗಂಟಿಲ್ಲದೆ ನೂಲು ಮಾಡಿದ ಕೈ ಬೆಂಗಳೂರಿನಲ್ಲೇ ಇದೆ, ಎರಡು ಗಂಟೆಯ ಹಾದಿ. ಆ ಬಗೆಯ ಕೈಯೊಂದು ನಮ್ಮ ಕಡೆಯ ತಮಟೆಯ ಮುಂದೆ ಮೈಕು ಇಟ್ಟು, ಅವಸರ ಮಾಡದೆ, ಇಡೀ ರಾತ್ರಿಯ ನುಡಿಸಾಣಿಕೆಯನ್ನು ಹಿಡಿಯಲಿ ಎಂಬುದು ನನ್ನ ಬಹಳ ದಿನದ ಆಸೆ. ಪಟ್ಟಿಗೆ ಬರಲಿ, ಬಾರದಿರಲಿ, ನಾನು ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಹೋದ ವರ್ಷದ ಜಾತ್ರೆಯಲ್ಲಿ ನಾನು ಫೋನಿನಲ್ಲೇ ಸ್ವಲ್ಪ ಮುದ್ರಿಸಿಕೊಂಡಿದ್ದೆ. ಮುದ್ರಣ ಸುಮಾರಾಗಿದೆ. ಆದರೆ ಅದರಲ್ಲೊಂದು ಸಂಗತಿ ಸಿಕ್ಕಿದೆ. ರಾತ್ರಿಯ ಥಂಡಿಗೆ ಚರ್ಮ ಆರುತ್ತ ಬಂದ ಹಾಗೆ ತಮಟೆಯ ಸ್ವರ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಇಳಿಯುತ್ತ ಹೋಗುತ್ತದೆ. ನುಡಿಸುವವರು ಅದನ್ನು ತಿಳಿದು ಪೆಟ್ಟಿನ ಜಾಗ ಬದಲಿಸುತ್ತಾರೆ. ಆಮೇಲೆ ನಡುವೆ ಒಂದು ತಮಟೆ ನಿಲ್ಲುತ್ತದೆ. ಹಿಂದಿನಿಂದ ಯಾರೋ ‘ಬೆಂಕಿ ದೊಡ್ಡದು ಮಾಡ್ರೋ’ ಎಂದು ಕೂಗುತ್ತಾರೆ. ಒಣಹುಲ್ಲು ಚಟಪಟ ಉರಿಯುವ ಸದ್ದು ಕೇಳುತ್ತದೆ. ಅರ್ಧ ನಿಮಿಷ ಕಳೆದು ಅದೇ ತಮಟೆ, ಮೊದಲಿಗಿಂತ ಒಂದು ಸ್ವರ ಮೇಲೆ, ಉಳಿದವರ ನಡುವೆ ಬಂದು ಬೀಳುತ್ತದೆ.