ಹಾರ್ಲೆಮ್ ಕೇರಿಯ ಬಂಗಾಳಿ ಮಕ್ಕಳು

ಅಮೆರಿಕಕ್ಕೆ ಹೋದ ಭಾರತೀಯ ಎಂದರೆ ನಮ್ಮ ದೊಡ್ಡ ಪತ್ರಿಕೆಗಳ ಕಣ್ಣಿಗೆ ಬೀಳುವುದು ಡಾಕ್ಟರು, ಇಂಜಿನಿಯರು, ಅವರು ಕಟ್ಟಿಸಿದ ದೇವಸ್ಥಾನ. ವಿವೇಕ್ ಬಾಲ್ಡ್ ಅವರ 'ಬೆಂಗಾಲಿ ಹಾರ್ಲೆಮ್' (2013) ಈ ಕತೆಯ ಬುಡಕ್ಕೇ ಕೈ ಹಾಕುತ್ತದೆ. 1965ರ ವಲಸೆ ಕಾನೂನು ಓದಿದವರಿಗೆ ಬಾಗಿಲು ತೆರೆಯುವುದಕ್ಕೆ ಎಷ್ಟೋ ಮೊದಲು, 1880ರ ದಶಕದಿಂದಲೇ, ಹೂಗ್ಲಿ ಜಿಲ್ಲೆಯ ಹಳ್ಳಿಗಳ ಮುಸ್ಲಿಮರು ಕಸೂತಿ ಬಟ್ಟೆಯ ಗಂಟು ಹೊತ್ತು ಅಲ್ಲಿ ಬೀದಿ ಬೀದಿ ತಿರುಗಿದ್ದರು. ಆಮೇಲೆ ಬಂದವರು ಬ್ರಿಟಿಷ್ ಹಡಗುಗಳ ತಳದಲ್ಲಿ ಕಲ್ಲಿದ್ದಲು ಉರಿಸುತ್ತಿದ್ದ ಸಿಲ್ಹೆಟ್, ನೊವಾಖಾಲಿ ಕಡೆಯ ಕೂಲಿಗಳು. ಆ ಬೆಂಕಿ ತಾಳಲಾರದೆ ಬಂದರಿನಲ್ಲಿ ಹಡಗು ಬಿಟ್ಟು ತಪ್ಪಿಸಿಕೊಂಡವರು.

ಇವರಿಗೆ ಬಿಳಿಯರ ಬೀದಿಯಲ್ಲಿ ಯಾರು ಮನೆ ಕೊಡುತ್ತಾರೆ? ನ್ಯೂ ಆರ್ಲಿಯನ್ಸ್‌ನ ಟ್ರೆಮೆ, ನ್ಯೂಯಾರ್ಕಿನ ಹಾರ್ಲೆಮ್, ಇಂಥ ಕರಿಯರ ಕೇರಿಗಳೇ ಒಳಗೆ ಕರೆದುಕೊಂಡವು. (1913ರಿಂದ 1916ರವರೆಗೆ ಅಂಬೇಡ್ಕರ್ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಈ ಹಾರ್ಲೆಮಿನ ಮಗ್ಗುಲಲ್ಲೇ ಇದೆ.) ಅಲ್ಲಿ ಕರಿಯ ಹೆಣ್ಣುಮಕ್ಕಳನ್ನು, ಪೋರ್ಟೊರಿಕೊದ ಹೆಣ್ಣುಮಕ್ಕಳನ್ನು ಮದುವೆಯಾದರು, ಸಂಸಾರ ಹೂಡಿದರು.

ಇದನ್ನು ಕ್ರಾಂತಿ ಎಂದು ಹೊಗಳುವ ಅವಸರ ಬೇಡ. ಅವರು ಪ್ರಣಾಳಿಕೆ ಓದಿ ಮದುವೆಯಾದವರಲ್ಲ. ಆದರೂ ಪಕ್ಕಕ್ಕೆ ಇನ್ನೊಂದು ಚಿತ್ರ ಇಟ್ಟು ನೋಡಿ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಭಗತ್ ಸಿಂಗ್ ಥಿಂಡ್ (ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ, ಬೇರೆಯವರು) ಅವರ ಕೇಸು ತೀರ್ಮಾನವಾಯಿತು. ಅವರ ವಾದ ಏನು ಗೊತ್ತೆ? ತಾನು ಮೇಲ್ಜಾತಿ, ಆರ್ಯ, ಆದ್ದರಿಂದ ಬಿಳಿಯ, ಪೌರತ್ವ ಕೊಡಿ ಅಂತ! ನೀವು ಕರಿಯರನ್ನು ಕಾಣುವ ಹಾಗೆಯೇ ನಾವೂ ನಮ್ಮ ಕೆಳಗಿನವರನ್ನು ಕಾಣುತ್ತೇವೆ ಎಂಬುದನ್ನೇ ಅರ್ಹತೆಯಾಗಿ ಮುಂದಿಟ್ಟರು. ಕೋರ್ಟು ಒಪ್ಪಲಿಲ್ಲ, ಅದು ಬೇರೆ ಮಾತು. ಓದಿದವರು ಬಿಳಿಯರ ಬಾಗಿಲಲ್ಲಿ ಜಾತಿಯ ಚೀಟಿ ಹಿಡಿದು ನಿಂತಿದ್ದ ಕಾಲದಲ್ಲೇ ಗಂಟು ಹೊತ್ತವರು ಕರಿಯರ ಮನೆಯ ಅಳಿಯಂದಿರಾಗಿದ್ದರು.

ಹುಟ್ಟಿದ ಮಕ್ಕಳು ಏನಾದವು? ನಮಗೆ ಮುಖ್ಯವಾದ ಪ್ರಶ್ನೆ ಇದೇ. ನಮ್ಮಲ್ಲಿ ಅಂಥ ಮಗುವಿಗೆ 'ಬೆರಕೆ' ಅಂತಾರೆ. ಅಪ್ಪನ ಕುಲಕ್ಕೂ ಇಲ್ಲ, ಅವ್ವನ ಕುಲಕ್ಕೂ ಇಲ್ಲ ಅಂತ ಅಂಗಳದಾಚೆ ನಿಲ್ಲಿಸುತ್ತಾರೆ. ಹೂಗ್ಲಿಯ ವ್ಯಾಪಾರಿ ಮೊಕ್ಸದ್ ಅಲಿ, ಕರಿಯ ಹೆಣ್ಣುಮಗಳು ಎಲಾ ಬ್ಲ್ಯಾಕ್‌ಮನ್, ಇವರ ಮಗ ಬಹಾದುರ್ ಹುಟ್ಟಿದ್ದು 1906ರಲ್ಲಿ. ಬಹಾದುರ್ ಹೋಗಿ 'ಬಾರ್ಡು' ಆದ. ಹಾರ್ಲೆಮಿನಲ್ಲಿ ಚಿಕ್ ವೆಬ್ ಅವರ ಜಾಜ್ ತಂಡದ ಮುಂದೆ ನಿಂತು ನಡೆಸಿದ. ಎಲಾ ಫಿಟ್ಜ್‌ಜೆರಾಲ್ಡ್ ಎಂಬ ಇನ್ನೂ ಹೆಸರಿಲ್ಲದ ಹುಡುಗಿಯನ್ನು ಆ ತಂಡಕ್ಕೆ ಸೇರಿಸಿದ್ದರಲ್ಲಿ ಇವನ ಕೈ ಇತ್ತು ಎನ್ನುತ್ತಾರೆ. ಕರಿಯರ ಕೇರಿ ಅವನನ್ನು ತನ್ನ ಮಗನೆಂದೇ ಕಂಡಿತು.

ಅಪ್ಪಂದಿರೂ ಸುಮ್ಮನಿರಲಿಲ್ಲ. 1947ರಲ್ಲಿ ನ್ಯೂಯಾರ್ಕಿನಲ್ಲಿ ಪಾಕಿಸ್ತಾನ್ ಲೀಗ್ ಕಟ್ಟಿಕೊಂಡರು. ಅದರ ಹಬ್ಬದೂಟಕ್ಕೆ ಕರಿಯ ಹೆಂಡತಿಯರು, ಪೋರ್ಟೊರಿಕೊದ ಹೆಂಡತಿಯರು, ಮಕ್ಕಳು ಎಲ್ಲ ಬರುತ್ತಿದ್ದರು.

ಬಾಲ್ಡ್ ಅವರೊಡನೆ ನಮ್ಮದೊಂದು ತಕರಾರಿದೆ. ಹಡಗಿನ ಪಟ್ಟಿ, ಜನಗಣತಿ, ಮದುವೆಯ ದಾಖಲೆ ಎಲ್ಲ ಹೆಕ್ಕಿ ಹೆಕ್ಕಿ ಕತೆ ಕಟ್ಟಿದ್ದಾರೆ; ಶ್ರಮ ದೊಡ್ಡದು. ಆದರೆ ಕಾಗದ ಗಂಡಸಿನ ಬೆನ್ನು ಹತ್ತಿ ಹೋಗುತ್ತದೆ. ಗಂಡ ಗಂಟು ಹೊತ್ತು ಊರೂರು ತಿರುಗುವಾಗ ಮಗುವಿಗೆ ಜ್ವರ ಬಂದರೆ ಎಲಾ ಬ್ಲ್ಯಾಕ್‌ಮನ್ ಯಾರ ಮನೆಯ ಕದ ತಟ್ಟಿದಳು? ನೀನು ಯಾರ ಪೈಕಿ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಮಗನಿಗೆ ಕಲಿಸಿದಳು? ಅವಳು ಪುಸ್ತಕದಲ್ಲಿ ಹೆಸರಾಗಿ ಬರುತ್ತಾಳೆ, ದನಿಯಾಗಿ ಬರುವುದಿಲ್ಲ. ಅತ್ತ ಹೂಗ್ಲಿಯಲ್ಲಿ ಆ ಬಟ್ಟೆಗೆ ಕಸೂತಿ ಹಾಕಿದ ಹೆಂಗಸರ ಕತೆಯೂ ಹಾಗೇ. ಈ ವ್ಯಾಪಾರವೆಲ್ಲ ನಿಂತಿದ್ದೇ ಅವರ ಬೆರಳುಗಳ ಮೇಲೆ.

ಕೊನೆಯ ಅಧ್ಯಾಯಗಳಲ್ಲಿ ಹಾರ್ಲೆಮಿನ ಮಕ್ಕಳು ತಾವೇ ಬಾಯಿ ಬಿಟ್ಟು ಮಾತಾಡುತ್ತಾರೆ. ಆಗ ಪುಸ್ತಕಕ್ಕೆ ಜೀವ ಬರುತ್ತದೆ. ಟ್ರೆಮೆಯ ಪುಟಗಳಿಗೆ ಆ ಭಾಗ್ಯ ಇಲ್ಲ.